ಸಿಖ್ ಧರ್ಮದ ಪದಗಳು: ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರಿನ ಗುರುದ್ವಾರಕ್ಕೆ ಹೋಗಿ ಬಂದವರು, ಅಮೃತಸರಕ್ಕೆ ಟಿಕೆಟ್ ಮಾಡಿಸಿದವರು, ಪಕ್ಕದ ಮನೆಗೆ ಸರ್ದಾರ್ಜಿ ಕುಟುಂಬ ಬಂದಿರುವವರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಈ ಧರ್ಮದ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಎರಡೇ ದಿನಕ್ಕೆ ಮರೆತುಹೋಗುತ್ತವೆ. ಇವುಗಳಲ್ಲಿ ಹೆಚ್ಚಿನವು ಕೈಯಿಂದ ಮಾಡುವ ಕೆಲಸಗಳ ಹೆಸರು. ಯಾರು ಏನು ಮಾಡುತ್ತಿದ್ದಾರೆ ಅಂತ ನೋಡಿದರೆ ಪದ ತಾನೇ ಅರ್ಥವಾಗುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳೂ ಆ ದಾರಿಯಲ್ಲೇ ಇವೆ.

ಸಿಖ್ ಅಂದರೆ ಯಾರು?

ಶಿಷ್ಯ. ಒಬ್ಬನೇ ದೇವರನ್ನು, ಗುರು ನಾನಕರಿಂದ ಗುರು ಗೋವಿಂದ ಸಿಂಗರವರೆಗಿನ ಹತ್ತು ಗುರುಗಳನ್ನು, ಗುರು ಗ್ರಂಥ ಸಾಹಿಬ್ ಅನ್ನು ಮತ್ತು ಗುರುಗಳು ಕೊಟ್ಟ ಅಮೃತ ದೀಕ್ಷೆಯನ್ನು (ಇದರ ಕಥೆ ಖಾಲ್ಸಾ ಪ್ರಶ್ನೆಯಲ್ಲಿ ಬರುತ್ತದೆ) ನಂಬುವವರು ಸಿಖ್ಖರು. ಗುರು ನಾನಕರು ಹುಟ್ಟಿದ್ದು 1469ರಲ್ಲಿ, ತಲವಂಡಿಯಲ್ಲಿ. ಆ ಊರು ಈಗ ನನಕಾನಾ ಸಾಹಿಬ್, ಪಾಕಿಸ್ತಾನದಲ್ಲಿದೆ. ಅವರು ಕೊನೆಯ ವರ್ಷಗಳನ್ನು ಕಳೆದ ಕರ್ತಾರ್‌ಪುರವೂ ಗಡಿಯಾಚೆಯೇ. 1539ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮಿಬ್ಬರು ಗಂಡುಮಕ್ಕಳನ್ನು ಬಿಟ್ಟು ಲೆಹಣಾ ಎಂಬ ಶಿಷ್ಯನನ್ನು ಉತ್ತರಾಧಿಕಾರಿ ಮಾಡಿದರು. ಅವರೇ ಎರಡನೆಯ ಗುರು ಅಂಗದ್. ಗುರುಪಟ್ಟ ಮಗನಿಗೇ ಸಿಗಬೇಕು ಅನ್ನುವುದನ್ನು ಮೊದಲ ಹೆಜ್ಜೆಯಲ್ಲೇ ಮುರಿದರು. (ಐದನೆಯವರಿಂದ ಮುಂದೆ ಗುರುಗಳೆಲ್ಲ ಒಂದೇ ವಂಶದವರಾದರು, ಅದು ಬೇರೆ ಮಾತು.)

ಹತ್ತಕ್ಕೇ ಯಾಕೆ ನಿಂತಿತು? ಹನ್ನೊಂದನೆಯ ಗುರು ಇಲ್ಲವೇ?

ಇದ್ದಾರೆ, ಗ್ರಂಥದ ರೂಪದಲ್ಲಿ. 1708ರಲ್ಲಿ ನಾಂದೇಡದಲ್ಲಿ ಗುರು ಗೋವಿಂದ ಸಿಂಗರು ದೇಹ ಬಿಡುವ ಮುನ್ನ, ಇನ್ನು ಮುಂದೆ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಎಂದರು. ಅದಕ್ಕೇ ಹೆಸರಿನ ಮುಂದೆ ‘ಗುರು’, ಹಿಂದೆ ‘ಸಾಹಿಬ್’.

ಮೊದಲ ಸಂಕಲನ ಮಾಡಿಸಿದ್ದು ಐದನೆಯ ಗುರು ಅರ್ಜನ್. ಅವರು ಹೇಳುತ್ತಾ ಹೋದಂತೆ ಭಾಯಿ ಗುರುದಾಸ್ ಬರೆದರು. 1604ರಲ್ಲಿ ಅದನ್ನು ಅಮೃತಸರದ ಹರಿಮಂದಿರದಲ್ಲಿ (ನಾವು ಸ್ವರ್ಣಮಂದಿರ ಅನ್ನುವುದು ಇದನ್ನೇ) ಇಟ್ಟರು, ಬಾಬಾ ಬುಡ್ಢಾ ಮೊದಲ ಗ್ರಂಥಿಯಾದರು. ಗ್ರಂಥಿ ಅಂದರೆ ಗ್ರಂಥ ಓದುವ, ನೋಡಿಕೊಳ್ಳುವ ವ್ಯಕ್ತಿ, ಪೂಜಾರಿ ಅಲ್ಲ. ಮುಂದೆ ಗುರು ಗೋವಿಂದ ಸಿಂಗರು ತಮ್ಮ ತಂದೆ ತೇಗ್ ಬಹಾದೂರ್ ಅವರ ರಚನೆಗಳನ್ನೂ ಸೇರಿಸಿದರು. ಈಗ ಅಚ್ಚಾಗುವ ಪ್ರತಿಯಲ್ಲಿ 1430 ಪುಟ. ಪುಟ ಅನ್ನುವುದಿಲ್ಲ, ‘ಅಂಗ್’ ಅನ್ನುತ್ತಾರೆ. ಗುರುವಿನ ದೇಹ ಅಲ್ವಾ, ಅದಕ್ಕೆ.

ಕನ್ನಡಿಗರಿಗೆ ಹಿಡಿಸುವ ವಿಷಯ ಒಂದಿದೆ. ಗ್ರಂಥದಲ್ಲಿ ಆರು ಗುರುಗಳ ರಚನೆಗಳಿವೆ, ಆದರೆ ಆರೂ ಜನರ ಅಂಕಿತ ಒಂದೇ: ‘ನಾನಕ್’. ಯಾರದು ಯಾವುದು ಎಂದು ತಿಳಿಯಲು ಮೇಲೆ ‘ಮಹಲಾ’ ಸಂಖ್ಯೆ ಇರುತ್ತದೆ. ಮಹಲಾ 1 ಅಂದರೆ ಗುರು ನಾನಕರು, ಮಹಲಾ 5 ಅಂದರೆ ಗುರು ಅರ್ಜನ್. ನಮ್ಮಲ್ಲಿ ಒಬ್ಬೊಬ್ಬ ವಚನಕಾರರಿಗೂ ಒಂದೊಂದು ಅಂಕಿತ. ಅಲ್ಲಿ ದೇಹ ಬದಲಾದರೂ ಒಳಗಿನ ಜ್ಯೋತಿ ಒಂದೇ ಎನ್ನುವ ನಂಬಿಕೆ, ಆದ್ದರಿಂದ ಹೆಸರೂ ಒಂದೇ. ಇವರ ಜೊತೆಗೆ ‘ಭಗತ್’ ಎಂದು ಕರೆಯುವ 15 ಸಂತರ ಪದಗಳೂ ಇವೆ: ನೇಕಾರ ಕಬೀರ, ಚಮ್ಮಾರ ರವಿದಾಸ, ಸಿಂಪಿ ನಾಮದೇವ, ಸೂಫಿ ಶೇಖ್ ಫರೀದ್ ಹೀಗೆ. ಒಂದು ಧರ್ಮದ ಪವಿತ್ರ ಗ್ರಂಥದೊಳಗೆ ಮುಸ್ಲಿಂ ಸೂಫಿಯ ಪದ್ಯವೂ, ಅಸ್ಪೃಶ್ಯ ಎನಿಸಿಕೊಂಡವನ ಪದ್ಯವೂ ಗುರುಗಳ ಪದ್ಯದ ಪಕ್ಕದಲ್ಲೇ ಕೂತಿವೆ. ಇಡೀ ಧರ್ಮದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ಜೋಡಿಸಿರುವುದು ವಿಷಯದ ಪ್ರಕಾರ ಅಲ್ಲ, ರಾಗದ ಪ್ರಕಾರ. ಮುಖ್ಯ ರಾಗಗಳು 31. ತೋಡಿ, ಬಿಲಾವಲ್, ಸಾರಂಗ್, ಬಸಂತ್ ಇವೆ. ಕಾನಡಾ ಕೂಡ ಇದೆ!

ಪುಸ್ತಕಕ್ಕೆ ಚಾಮರ ಬೀಸುತ್ತಾರೆ, ತಲೆಬಾಗುತ್ತಾರೆ. ಮೂರ್ತಿಪೂಜೆ ಬೇಡ ಅಂದವರು ಇದನ್ನು ಮಾಡುವುದು ಹೇಗೆ?

ಸಿಖ್ಖರಿಗೇ ಜಾಸ್ತಿ ಕೇಳಿಬರುವ ಪ್ರಶ್ನೆ ಇದು. ಅವರ ಉತ್ತರ ಹೀಗಿರುತ್ತದೆ: ತಲೆಬಾಗುವುದು ಕಾಗದಕ್ಕಲ್ಲ, ಅದರಲ್ಲಿರುವ ‘ಶಬದ್’ಗೆ, ಅಂದರೆ ಗುರುವಿನ ಮಾತಿಗೆ. ಉಪಚಾರಗಳೇನೋ ರಾಜನಿಗೆ ಮಾಡುವಂಥವೇ. ಬೆಳಗಿನ ಜಾವ ಗ್ರಂಥವನ್ನು ತಲೆಯ ಮೇಲೆ ಹೊತ್ತು ತಂದು ಮೇಲ್ಕಟ್ಟಿನ ಕೆಳಗೆ ತೆರೆದಿಡುತ್ತಾರೆ. ಅದು ‘ಪ್ರಕಾಶ್’. ರಾತ್ರಿ ರೇಷ್ಮೆಯ ‘ರುಮಾಲಾ’ಗಳಲ್ಲಿ ಸುತ್ತಿ ಬೇರೆ ಕೋಣೆಗೆ ಕರೆದೊಯ್ಯುತ್ತಾರೆ, ಅದು ‘ಸುಖಾಸನ್’. ಆದರೆ ಗ್ರಂಥಕ್ಕೆ ಆರತಿ ತಟ್ಟೆ ಬೆಳಗುವುದು, ಗಂಟೆ ಬಾರಿಸುವುದು ಬೇಡ ಎಂದು ಅವರ ನಡತೆಯ ನಿಯಮವೇ ಹೇಳುತ್ತದೆ. ಆ ನಿಯಮಗಳ ಕಟ್ಟಿಗೆ ‘ರಹತ್ ಮರ್ಯಾದಾ’ ಎಂದು ಹೆಸರು. ಈಗ ಚಾಲ್ತಿಯಲ್ಲಿರುವುದಕ್ಕೆ 1945ರಲ್ಲಿ ಒಪ್ಪಿಗೆ ಸಿಕ್ಕಿತು.

‘ಇಕ್ ಓಂಕಾರ್’ ಅಂದರೆ ನಮ್ಮ ಓಂಕಾರವೇನಾ?

ಶಬ್ದ ಅದೇ. ಆದರೆ ಎದುರಿಗೆ 1 ಎಂಬ ಅಂಕಿ ಇದೆ ನೋಡಿ, ಒತ್ತು ಬೀಳುವುದು ಅದರ ಮೇಲೆ. ದೇವರು ಒಬ್ಬನೇ, ಬೇರೆ ಮಾತಿಲ್ಲ. ಇದು ‘ಮೂಲ ಮಂತರ್’ನ ಆರಂಭ, ಗ್ರಂಥದ ಮೊದಲ ಸಾಲು. ಮುಂದೆ ಸತ್ ನಾಮ್, ಕರ್ತಾ ಪುರಖ್, ನಿರ್ಭೌ, ನಿರ್ವೈರ್, ಅಕಾಲ್ ಮೂರತ್, ಅಜೂನಿ, ಸೈಭಂ, ಗುರ್ ಪ್ರಸಾದ್ ಎಂದು ಸಾಗುತ್ತದೆ. ಅವನ ಹೆಸರು ಸತ್ಯ, ಎಲ್ಲವನ್ನೂ ಮಾಡಿದವನು ಅವನು. ಭಯವಿಲ್ಲ, ಹಗೆಯಿಲ್ಲ. ಕಾಲಕ್ಕೆ ಸಿಗುವುದಿಲ್ಲ, ಹುಟ್ಟುವುದಿಲ್ಲ, ತನ್ನಷ್ಟಕ್ಕೆ ತಾನೇ ಇದ್ದಾನೆ. ತಿಳಿಯುವುದು ಗುರುಕೃಪೆಯಿಂದ. ‘ಅಜೂನಿ’, ಅಂದರೆ ಯೋನಿಯಲ್ಲಿ ಹುಟ್ಟದವನು, ಎಂದಮೇಲೆ ಅವತಾರದ ಕಲ್ಪನೆಗೆ ಇಲ್ಲಿ ಜಾಗವಿಲ್ಲ. ಗ್ರಂಥದಲ್ಲಿ ರಾಮ, ಹರಿ, ಗೋವಿಂದ, ಅಲ್ಲಾ ಎಲ್ಲ ಹೆಸರೂ ಬರುತ್ತವೆ, ಎಲ್ಲವೂ ಆ ಒಬ್ಬನಿಗೇ. ಈಗ ದಿನಬಳಕೆಯಲ್ಲಿ ಜಾಸ್ತಿ ಕೇಳುವ ಹೆಸರು ‘ವಾಹೆಗುರು’.

ಹುಕಮ್, ಹೌಮೈ: ಈ ಎರಡು ಪದ ಎಲ್ಲೆಲ್ಲೂ ಬರುತ್ತವೆ. ಏನಿವು?

ಹುಕಮ್ ಅಂದರೆ ದೇವರ ಅಪ್ಪಣೆ. ಸೂರ್ಯ ಮೂಡುವುದರಿಂದ ಹಿಡಿದು ನಮ್ಮ ಸಾವಿನವರೆಗೆ ಎಲ್ಲವೂ ಅದರೊಳಗೇ. ಹೌಮೈ ಅಂದರೆ ‘ನಾನು, ನನ್ನಿಂದಲೇ’ ಅನ್ನುವ ಭಾವ. ಸಿಖ್ ಚಿಂತನೆಯಲ್ಲಿ ಮನುಷ್ಯನ ಮೂಲ ಕಾಯಿಲೆ ಇದು. ಎರಡನೆಯ ಗುರುಗಳ ಮಾತಿನಲ್ಲಿ, ಹೌಮೈ ದೀರ್ಘ ರೋಗ, ಆದರೆ ಮದ್ದೂ ಅದರಲ್ಲೇ ಇದೆ. ಕಾಮ, ಕ್ರೋಧ, ಲೋಭ, ಮೋಹ, ಅಹಂಕಾರಗಳನ್ನು ‘ಪಂಜ್ ಚೋರ್’, ಐದು ಕಳ್ಳರು ಎನ್ನುತ್ತಾರೆ. ನಮ್ಮ ಅರಿಷಡ್ವರ್ಗದಲ್ಲಿ ಆರು, ಅಲ್ಲಿ ಐದು. ತನ್ನ ಮನಸ್ಸು ಎಳೆದತ್ತ ಹೋಗುವವನು ‘ಮನ್‌ಮುಖ್’, ಗುರು ತೋರಿದತ್ತ ಮುಖ ಮಾಡಿದವನು ‘ಗುರ್‌ಮುಖ್’.

ಹಾಗಾದರೆ ಸಿಖ್ಖರು ದಿನನಿತ್ಯ ಮಾಡಬೇಕಾದ್ದೇನು?

ಮೂರು ಮಾತಿನಲ್ಲಿ ಹೇಳುತ್ತಾರೆ. ನಾಮ್ ಜಪೋ, ಕಿರತ್ ಕರೋ, ವಂಡ್ ಛಕೋ. ದೇವರನ್ನು ನೆನೆ, ಪ್ರಾಮಾಣಿಕವಾಗಿ ದುಡಿ, ಹಂಚಿಕೊಂಡು ತಿನ್ನು. ಕಾಯಕ, ದಾಸೋಹ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶರಣರಿಗೂ ನಾನಕರಿಗೂ ಮುನ್ನೂರು ವರ್ಷದ ಅಂತರವಿದೆ, ಒಬ್ಬರಿಂದ ಒಬ್ಬರು ಪಡೆದರು ಎನ್ನಲು ಆಧಾರವಿಲ್ಲ. ಸುಮ್ನೆ ನಂಟು ಕಟ್ಟುವುದು ಬೇಡ. ಆದರೆ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ ಅನ್ನುವುದು ನಿಜ. ಸಂಸಾರ ಬಿಟ್ಟು ಕಾಡಿಗೆ ಹೋಗುವುದನ್ನು ಇಬ್ಬರೂ ಮೆಚ್ಚಲಿಲ್ಲ.

ಗಳಿಕೆಯ ಹತ್ತನೇ ಒಂದು ಪಾಲನ್ನು ಒಳ್ಳೆಯ ಕೆಲಸಕ್ಕೆ ತೆಗೆದಿಡುವುದು ‘ದಸ್ವಂಧ್’. ದಿನದ ಪಾಠಗಳಿಗೆ ‘ನಿತ್‌ನೇಮ್’ ಅನ್ನುತ್ತಾರೆ. ಬೆಳಿಗ್ಗೆ ಜಪ್‌ಜಿ ಸಾಹಿಬ್ ಮೊದಲಾದವು, ಸಂಜೆ ರಹರಾಸ್, ಮಲಗುವ ಮುಂಚೆ ಕೀರ್ತನ್ ಸೋಹಿಲಾ.

ಲಂಗರ್ ಅಂದರೆ ಅನ್ನಸಂತರ್ಪಣೆ ತಾನೇ?

ಅರ್ಧ ಮಾತ್ರ ಸರಿ. ಊಟ ಹಾಕುವುದು ಎಷ್ಟು ಮುಖ್ಯವೋ ಸಾಲಾಗಿ ಕೂರುವುದೂ ಅಷ್ಟೇ ಮುಖ್ಯ. ಆ ಸಾಲಿಗೆ ‘ಪಂಗತ್’ ಅಂತಲೇ ಹೆಸರು, ನಮ್ಮ ಪಂಕ್ತಿ. ವ್ಯತ್ಯಾಸ ಏನೆಂದರೆ ಅಲ್ಲಿ ಇರುವುದು ಒಂದೇ ಪಂಕ್ತಿ. ಮೂರನೆಯ ಗುರು ಅಮರದಾಸ್ ಅವರ ಕಾಲದಲ್ಲಿ ‘ಮೊದಲು ಪಂಗತ್, ಆಮೇಲೆ ಸಂಗತ್’ ಎಂಬುದು ನಿಯಮವಾಯಿತು. ಜೊತೆಗೆ ಕೂತು ಉಂಡ ಮೇಲಷ್ಟೇ ಗುರುದರ್ಶನ. ಅಕ್ಬರ್ ಬಾದಶಹನೂ ಗುರುಗಳಿದ್ದ ಊರು ಗೋಯಿಂದ್‌ವಾಲದಲ್ಲಿ ನೆಲದ ಮೇಲೆ ಕೂತು ಉಂಡೇ ಗುರುವನ್ನು ಕಂಡ ಎಂದು ಸಿಖ್ಖರು ಹೇಳುತ್ತಾರೆ.

ಒಳಗೆ ಹೋದಾಗ ಏನಾಗುತ್ತದೆ ಅಂದರೆ, ಬಾಗಿಲಲ್ಲೇ ಒಬ್ಬರು ಸ್ಟೀಲ್ ತಟ್ಟೆ ಕೈಗಿಡುತ್ತಾರೆ. ಉದ್ದನೆಯ ಚಾಪೆ ಮೇಲೆ ಜಾಗ ಸಿಕ್ಕಲ್ಲಿ ಕೂತುಕೊಳ್ಳಬೇಕು. ಬಕೆಟ್ ಹಿಡಿದವರು ದಾಲ್, ಪಲ್ಯ, ಕೆಲವೊಮ್ಮೆ ಖೀರು ಬಡಿಸುತ್ತಾ ಬರುತ್ತಾರೆ. ರೊಟ್ಟಿ ಮಾತ್ರ ತಟ್ಟೆಗೆ ಹಾಕುವುದಿಲ್ಲ. ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿದರೆ ಮೇಲಿಂದ ಬಿಡುತ್ತಾರೆ. ಒಂದೇ ಕೈ ಚಾಚಿದಿರೋ, ಸೇವಾದಾರ ಎರಡೂ ಕೈ ಎಂದು ಸನ್ನೆ ಮಾಡಿ ನಿಂತುಬಿಡುತ್ತಾನೆ. ಆ ರೊಟ್ಟಿಗೆ ಅಲ್ಲಿ ರೊಟ್ಟಿ ಅನ್ನುವುದಿಲ್ಲ, ‘ಪ್ರಶಾದಾ’ ಅನ್ನುತ್ತಾರೆ. ಹಾಕಿಸಿಕೊಂಡದ್ದನ್ನು ಬಿಡಬಾರದು, ಬೇಕಿದ್ದರೆ ಎಷ್ಟು ಸಲ ಬೇಕಾದರೂ ಕೇಳಬಹುದು. ಊಟ ಯಾವಾಗಲೂ ಸಸ್ಯಾಹಾರವೇ, ಯಾರಿಗೂ ತಿನ್ನಲು ತೊಡಕಾಗಬಾರದು ಎಂದು. ಆಮೇಲೆ ಬೇಕಿದ್ದರೆ ನೀವೂ ಪಾತ್ರೆ ತೊಳೆಯುವ ಕಡೆ ನಿಲ್ಲಬಹುದು. ಯಾರೂ ನಿಮ್ಮ ಹೆಸರು, ಊರು ಕೇಳುವುದಿಲ್ಲ. ಅದೇ ‘ಸೇವಾ’. ಚಪ್ಪಲಿ ಇಡುವ ‘ಜೋಡಾ ಘರ್’ನಲ್ಲಿ ಬಂದವರ ಚಪ್ಪಲಿ ಒರೆಸುವ ಸೇವೆಗೆ ದೊಡ್ಡ ದೊಡ್ಡ ಮನೆತನದವರೂ ನಿಲ್ಲುತ್ತಾರೆ.

ಖಾಲ್ಸಾ ಅಂದರೆ? ಇದಕ್ಕೂ ಬೀದರಿಗೂ ಸಂಬಂಧ ಇದೆಯಂತೆ?

ಇದೆ, ಗಟ್ಟಿಯಾದ ಸಂಬಂಧವೇ ಇದೆ.

1699ರ ಬೈಸಾಖಿ, ಅಂದರೆ ಸುಗ್ಗಿ ಹಬ್ಬದ ದಿನ. ಪಂಜಾಬಿನ ಆನಂದಪುರ ಸಾಹಿಬ್. ಅದಕ್ಕೆ 24 ವರ್ಷ ಹಿಂದೆ, 1675ರಲ್ಲಿ, ಗುರು ತೇಗ್ ಬಹಾದೂರ್ ಅವರನ್ನು ದೆಹಲಿಯ ಚಾಂದನಿ ಚೌಕದಲ್ಲಿ ಔರಂಗಜೇಬನ ಆಡಳಿತ ಶಿರಚ್ಛೇದ ಮಾಡಿಸಿತ್ತು. ಈಗ ಮಗ ಗೋವಿಂದರು ನೆರೆದ ಜನರೆದುರು ಕತ್ತಿ ಹಿರಿದು ನಿಂತು, ಯಾರು ತಲೆ ಕೊಡುತ್ತೀರಿ ಎಂದು ಕೇಳಿದರು. ಜನ ಬೆಚ್ಚಿಬಿದ್ದರು. ಒಬ್ಬೊಬ್ಬರಾಗಿ ಐವರು ಎದ್ದರು. ಲಾಹೋರಿನ ದಯಾರಾಮ್, ಹಸ್ತಿನಾಪುರದ ಧರಮ್ ದಾಸ್, ಜಗನ್ನಾಥಪುರಿಯ ಹಿಮ್ಮತ್ ರಾಯ್, ದ್ವಾರಕೆಯ ಮೋಹಕಮ್ ಚಂದ್, ಐದನೆಯವನು ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಇವರೇ ‘ಪಂಜ್ ಪ್ಯಾರೆ’, ಗುರುವಿನ ಪ್ರೀತಿಯ ಐವರು. ಗುರು ಇವರನ್ನು ಒಳಗೆ ಕರೆದೊಯ್ದು, ಕೊನೆಗೆ ಐವರನ್ನೂ ಜೀವಂತವಾಗಿ ಹೊರಗೆ ಕರೆತಂದರು. ಒಬ್ಬ ಖತ್ರಿ, ಒಬ್ಬ ಜಾಟ್, ಒಬ್ಬ ನೀರು ಹೊರುವವ, ಒಬ್ಬ ಸಿಂಪಿ, ಒಬ್ಬ ಕ್ಷೌರಿಕ.

ಆಮೇಲೆ ಕಬ್ಬಿಣದ ಬೋಗುಣಿಯಲ್ಲಿ ನೀರು ಹಾಕಿ, ಬತ್ತಾಸು ಬೆರೆಸಿ, ಗುರುಬಾಣಿ (ಗುರುಗಳ ಪದ್ಯ) ಹೇಳುತ್ತಾ ಎರಡಲಗಿನ ಕತ್ತಿಯಿಂದ ಕಲಕಿದರು. ಆ ಕತ್ತಿ ‘ಖಂಡಾ’, ಆ ನೀರು ‘ಅಮೃತ್’. ಐವರೂ ಒಂದೇ ಬೋಗುಣಿಯಿಂದ ಕುಡಿದರು. ನೀರು ಮುಟ್ಟಿದರೆ ಮೈಲಿಗೆ ಅನ್ನುತ್ತಿದ್ದ ಕಾಲ ಅದು! ಬಳಿಕ ಗುರುಗಳೇ ಮಂಡಿಯೂರಿ, ಈಗ ನನಗೆ ನೀವು ಕೊಡಿ ಎಂದು ಆ ಐವರಿಂದಲೇ ಅಮೃತ ಪಡೆದರು. ಗೋವಿಂದ ರಾಯ್ ಅಂದಿನಿಂದ ಗೋವಿಂದ ಸಿಂಗ್. ಸಾಹಿಬ್ ಚಂದ್ ಸಾಹಿಬ್ ಸಿಂಗ್ ಆದರು, ಚಮ್ಕೌರ್ ಯುದ್ಧದಲ್ಲಿ ಮಡಿದರು. ಹೀಗೆ ಅಮೃತ ಪಡೆದವರ ಬಳಗವೇ ಖಾಲ್ಸಾ. ಇವತ್ತಿಗೂ ದೀಕ್ಷೆ ಕೊಡುವುದು ಐದು ಜನ ಸೇರಿಯೇ, ಒಬ್ಬರೇ ಕೊಡುವಂತಿಲ್ಲ.

ಖಾಲ್ಸಾದವರು ಧರಿಸುವ ಐದು ‘ಕ’ಗಳು ಯಾವುವು? ಕಿರ್ಪಾಣ್ ಇಟ್ಟುಕೊಳ್ಳಲು ಕಾನೂನು ಒಪ್ಪುತ್ತದೆಯೇ?

ಕೇಶ್ (ಕತ್ತರಿಸದ ಕೂದಲು), ಕಂಘಾ (ಜುಟ್ಟಿನಲ್ಲಿ ಸಿಕ್ಕಿಸುವ ಮರದ ಬಾಚಣಿಗೆ), ಕಡಾ (ಕಬ್ಬಿಣದ ಬಳೆ), ಕಛೇರಾ (ಲಾಡಿ ಇರುವ ಒಳಚಡ್ಡಿ), ಕಿರ್ಪಾಣ್ (ಕತ್ತಿ). ಕಡಾ ಯುದ್ಧದಲ್ಲಿ ಮಣಿಕಟ್ಟು ಕಾಯುತ್ತದೆ, ಕೂದಲು ಶಕ್ತಿ ಕೊಡುತ್ತದೆ ಎಂಬ ವಿವರಣೆಗಳು ವಾಟ್ಸಾಪಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅಮೃತಧಾರಿಯನ್ನು ಕೇಳಿದರೆ ಉತ್ತರ ಸರಳ: ಗುರುವಿನ ಅಪ್ಪಣೆ, ಅದಕ್ಕೆ ಧರಿಸಿದ್ದೇನೆ. ಪೇಟ, ಅಂದರೆ ‘ದಸ್ತಾರ್’, ಐದು ‘ಕ’ಗಳಲ್ಲಿ ಇಲ್ಲ. ಆದರೆ ಕೇಶದ ಜೊತೆಗೇ ಬರುತ್ತದೆ, ಅದನ್ನು ಕೈಯಿಂದ ಮುಟ್ಟುವುದು, ತಮಾಷೆ ಮಾಡುವುದು ದೊಡ್ಡ ಅವಮಾನ.

ಕಿರ್ಪಾಣ್ ಧರಿಸುವುದು ಸಿಖ್ ಧರ್ಮಪಾಲನೆಯ ಭಾಗ ಎಂದು ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಬರೆದಿದೆ. ಪೇಟ ಧರಿಸಿದ ಸಿಖ್ಖರಿಗೆ ಹೆಲ್ಮೆಟ್ ವಿನಾಯಿತಿ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್‌ನಲ್ಲಿದೆ.

ಅಮೃತ ಪಡೆದವರು ಕೂದಲು ತೆಗೆಸುವಂತಿಲ್ಲ, ತಂಬಾಕು ಮುಟ್ಟುವಂತಿಲ್ಲ, ಹಲಾಲ್ ರೀತಿಯಲ್ಲಿ ಕೊಯ್ದ ಮಾಂಸ ತಿನ್ನುವಂತಿಲ್ಲ, ಮದುವೆಯಾಚೆ ದೇಹಸಂಬಂಧ ಮಾಡುವಂತಿಲ್ಲ. ಈ ನಾಲ್ಕು ‘ಕುರಹಿತ್’ ಮುರಿದರೆ ಮತ್ತೆ ಅಮೃತ ಪಡೆಯಬೇಕು.

ಸಿಂಗ್ ಎಂದು ಹೆಸರಿದ್ದವರೆಲ್ಲ ಸಿಖ್ಖರೇ?

ಅಲ್ಲ. ರಜಪೂತರಲ್ಲಿ, ಬಿಹಾರ, ಮಣಿಪುರದ ಕಡೆಯೂ ಸಿಂಗ್‌ಗಳಿದ್ದಾರೆ. ಸಿಖ್ಖರಲ್ಲೂ ಎಲ್ಲರೂ ಅಮೃತ ಪಡೆದಿರುವುದಿಲ್ಲ. ಪಡೆದವರು ‘ಅಮೃತಧಾರಿ’, ಪಡೆಯದಿದ್ದರೂ ಕೂದಲು ಬಿಟ್ಟವರು ‘ಕೇಶಧಾರಿ’, ಕೂದಲ ನಿಯಮ ಪಾಲಿಸದವರನ್ನು ‘ಸಹಜಧಾರಿ’ ಎನ್ನುವುದು ರೂಢಿ. ಹೆಣ್ಣುಮಕ್ಕಳ ಹೆಸರಿನ ಜೊತೆ ‘ಕೌರ್’ ಬರುತ್ತದೆ. ಮದುವೆಯಾದರೂ ಅದು ಹಾಗೇ ಉಳಿಯುತ್ತದೆ.

ಜಾತಿ ಇಲ್ಲ ಅನ್ನುತ್ತಾರಲ್ಲ, ನಿಜವೇ?

ಗುರುಗಳ ಮಾತಿನಲ್ಲಿ ಇಲ್ಲ, ಲಂಗರಿನ ಸಾಲಿನಲ್ಲಿ ಇಲ್ಲ. ಮದುವೆ ಜಾಹೀರಾತಿನಲ್ಲಿ ಇದೆ. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ದಲಿತ ಸಿಖ್ಖರ ಗುರುದ್ವಾರವೇ ಬೇರೆ. ನಮ್ಮಲ್ಲಿ ವಚನ ಓದುವವರ ಮನೆಯಲ್ಲೂ ಇದೇ ಕಥೆ ಅಲ್ವಾ?

ಗುರುದ್ವಾರದೊಳಗೆ ಕಿವಿಗೆ ಬೀಳುವ ಪದಗಳು?

ಹಾಡುವುದು ‘ಕೀರ್ತನ್’, ಹಾಡುವವರು ‘ರಾಗಿ’ (ಮುದ್ದೆಯ ರಾಗಿ ಅಲ್ಲ!). ನೆರೆದವರು ‘ಸಂಗತ್’. ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಮಾಡುವ ಪ್ರಾರ್ಥನೆ ‘ಅರ್‌ದಾಸ್’. ಅದರಲ್ಲಿ ಗುರುಗಳನ್ನು, ಹುತಾತ್ಮರನ್ನು ನೆನೆದು ಕೊನೆಗೆ ‘ಸರ್ಬತ್ ದಾ ಭಲಾ’, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಮುಗಿಸುತ್ತಾರೆ. ಅದೇ ಸಾಲಿನಲ್ಲಿ ಬರುವುದು ‘ಚಡ್ದೀ ಕಲಾ’, ಎಂಥ ಕಷ್ಟದಲ್ಲೂ ಕುಗ್ಗದ ಮನಸ್ಸು. ನಿಹಂಗರ, ಅಂದರೆ ಸಿಖ್ ಯೋಧ ಪಂಗಡದವರ, ಆಡುಭಾಷೆಯಲ್ಲಿ ಇದರ ಮಜಾ ನೋಡಬೇಕು. ಒಬ್ಬನೇ ಸಿಖ್ ಬಂದರೆ ‘ಸವಾ ಲಾಖ್’, ಒಂದೂಕಾಲು ಲಕ್ಷ ಜನ ಬಂದರು ಅನ್ನುತ್ತಾರೆ. ಹುರಿಗಡಲೆ ತಿನ್ನುತ್ತಾ ಬಾದಾಮಿ ಅನ್ನುತ್ತಾರೆ. ಊಟ ಖಾಲಿಯಾದರೆ ಖಾಲಿ ಅನ್ನದೆ, ಲಂಗರ್ ‘ಮಸ್ತ್’ ಆಗಿದೆ ಅನ್ನುತ್ತಾರೆ. ಮೊಘಲರ ಕಾಟಕ್ಕೆ ಕಾಡಿನಲ್ಲಿ ಹಸಿದು ಅಲೆದ ದಿನಗಳ ಭಾಷೆ ಇದು.

ಅರ್‌ದಾಸ್ ಆದ ಮೇಲೆ ಗ್ರಂಥವನ್ನು ಸುಮ್ನೆ ಎಲ್ಲೋ ಒಂದು ಕಡೆ ತೆರೆದು, ಎಡಪುಟದ ಮೇಲ್ತುದಿಯ ಪದ್ಯ ಓದುತ್ತಾರೆ. ಪದ್ಯ ಹಿಂದಿನ ಪುಟದಲ್ಲಿ ಶುರುವಾಗಿದ್ದರೆ ಅಲ್ಲಿಂದಲೇ ಓದುತ್ತಾರೆ. ಅದು ಆ ದಿನದ ‘ಹುಕಮ್‌ನಾಮಾ’. ಮಗುವಿಗೆ ಹೆಸರಿಡುವಾಗಲೂ ಹೀಗೇ ತೆರೆದು, ಸಿಕ್ಕ ಪದ್ಯದ ಮೊದಲ ಅಕ್ಷರದಿಂದ ಹೆಸರು ಹುಡುಕುತ್ತಾರೆ. ಇಡೀ ಗ್ರಂಥವನ್ನು ನಿಲ್ಲಿಸದೆ ಸುಮಾರು 48 ಗಂಟೆಯಲ್ಲಿ ಓದಿ ಮುಗಿಸುವುದು ‘ಅಖಂಡ ಪಾಠ್’. ಮದುವೆ ‘ಆನಂದ್ ಕಾರಜ್’. ಬೆಂಕಿಗೆ ಸಪ್ತಪದಿ ಇಲ್ಲ, ಗ್ರಂಥದ ಸುತ್ತ ನಾಲ್ಕು ಸುತ್ತು. ಸುತ್ತಿಗೊಂದರಂತೆ ಹಾಡುವ ನಾಲ್ಕು ‘ಲಾವಾಂ’ ನಾಲ್ಕನೆಯ ಗುರು ರಾಮದಾಸರವು.

ಎರಡು ಕತ್ತಿಗಳ ಆ ಚಿಹ್ನೆ?

ಅದರ ಹೆಸರೂ ಖಂಡಾ. ನಡುವೆ ಎರಡಲಗಿನ ಕತ್ತಿ, ಸುತ್ತ ಚಕ್ರ, ಹೊರಗೆ ಬಾಗಿದ ಎರಡು ಕತ್ತಿಗಳು. ಆ ಎರಡು ‘ಮೀರಿ’ ಮತ್ತು ‘ಪೀರಿ’, ಲೌಕಿಕ ಅಧಿಕಾರ ಮತ್ತು ಆಧ್ಯಾತ್ಮ. 1606ರಲ್ಲಿ ಗುರು ಅರ್ಜನರನ್ನು ಲಾಹೋರಿನಲ್ಲಿ ಹಿಂಸಿಸಿ ಕೊಂದ ಮೇಲೆ ಮಗ ಹರಗೋವಿಂದರು ಎರಡು ಕತ್ತಿ ಧರಿಸಿದರು, ಹರಿಮಂದಿರದ ಎದುರಿಗೇ ಅಕಾಲ್ ತಖ್ತ್ ಕಟ್ಟಿಸಿದರು. ತಖ್ತ್ ಅಂದರೆ ಸಿಂಹಾಸನ, ಸಿಖ್ಖರ ಅಧಿಕಾರಪೀಠ. ಈಗ ಒಟ್ಟು ಐದು ತಖ್ತ್‌ಗಳಿವೆ. ನಮಗೆ ಹತ್ತಿರದ್ದು ನಾಂದೇಡದ ಹಜೂರ್ ಸಾಹಿಬ್.

ಬೀದರಿನ ನಾನಕ್ ಝೀರಾ ಸಾಹಿಬ್ ಗುರುದ್ವಾರಕ್ಕೆ ಸಿಖ್ಖರಲ್ಲದವರು ಹೋಗಬಹುದೇ?

ಖಂಡಿತ. ಗುರು ನಾನಕರು ದಕ್ಷಿಣದ ‘ಉದಾಸಿ’ಯಲ್ಲಿ, ಅಂದರೆ ದೀರ್ಘ ಯಾತ್ರೆಯಲ್ಲಿ, ಇಲ್ಲಿಗೆ ಬಂದರು ಎನ್ನುತ್ತಾರೆ. ಊರಿನವರಿಗೆ ಕುಡಿಯಲು ಸಿಹಿನೀರಿರಲಿಲ್ಲ. ಗುರುಗಳು ಪಾದದಿಂದ ಕಲ್ಲು ಸರಿಸಿದಾಗ ಬುಗ್ಗೆ ಉಕ್ಕಿತು ಎಂಬುದು ಸ್ಥಳದ ಕಥೆ. ಬುಗ್ಗೆ ಇವತ್ತಿಗೂ ಹರಿಯುತ್ತಿದೆ, ನೀರು ಅಮೃತ ಕುಂಡಕ್ಕೆ ಬೀಳುತ್ತದೆ. ಬೀದರಿನಿಂದ ಸ್ವಲ್ಪ ದೂರದ ಜನವಾಡದಲ್ಲಿ ಮಾಯಿ ಭಾಗೋ ಅವರ ಗುರುದ್ವಾರವಿದೆ. ಮುಕ್ತಸರದ ಯುದ್ಧದಲ್ಲಿ ಕತ್ತಿ ಹಿಡಿದು ಹೋರಾಡಿದ ಹೆಣ್ಣುಮಗಳು, ಕೊನೆಗಾಲ ಕಳೆದದ್ದು ನಮ್ಮ ನೆಲದಲ್ಲಿ. ಅಲ್ಲಿಗೂ ಹೋಗಿ ಬನ್ನಿ.

ಹೋಗುವಾಗ ಜೇಬಿನಲ್ಲಿ ಬೀಡಿ, ಸಿಗರೇಟು, ಗುಟ್ಕಾ ಇರಬಾರದು. ಗಂಡಸರೂ ಹೆಂಗಸರೂ ತಲೆ ಮುಚ್ಚಿಕೊಳ್ಳಬೇಕು, ಕರ್ಚೀಫ್ ಇಲ್ಲದಿದ್ದರೆ ಬಾಗಿಲಲ್ಲೇ ಬಟ್ಟೆ ಸಿಗುತ್ತದೆ. ಚಪ್ಪಲಿ ಬಿಟ್ಟು ಕಾಲು ತೊಳೆದು ಒಳಗೆ ಹೋಗಿ. ಗ್ರಂಥದ ಕಡೆ ಕಾಲು ಚಾಚಿ ಕೂರಬೇಡಿ. ಎದುರಾದವರಿಗೆ ‘ಸತ್ ಶ್ರೀ ಅಕಾಲ್’ ಎಂದರೆ ಸಾಕು. ಅವರು ‘ವಾಹೆಗುರು ಜೀ ಕಾ ಖಾಲ್ಸಾ, ವಾಹೆಗುರು ಜೀ ಕೀ ಫತೆಹ್’ ಎಂದರೆ ನೀವೂ ಅದನ್ನೇ ತಿರುಗಿ ಹೇಳಿ. ಹೊರಡುವಾಗ ಬೊಗಸೆಯೊಡ್ಡಿದರೆ ‘ಕಡಾಹ್ ಪ್ರಶಾದ್’ ಹಾಕುತ್ತಾರೆ. ಗೋಧಿ ಹಿಟ್ಟು, ಸಕ್ಕರೆ, ತುಪ್ಪ ಮೂರೂ ಸಮ ಪಾಲು. ಕೈಯೆಲ್ಲ ತುಪ್ಪವಾಗುತ್ತದೆ, ತೊಳೆಯಲು ಹೊರಗೆ ನಲ್ಲಿ ಇದೆ.